ಒಂಬತ್ತು ಪಟ್ಟೆ

ರಸ್ತೆಗೆ ಬಿಳಿ ಪಟ್ಟೆ ಬಳಿಯುತ್ತಲೇ ತಲೆಗೂದಲು ಬೆಳ್ಳಗಾದ ಆಸಾಮಿಯನ್ನು ಎಲ್ಲರೂ ಪಟ್ಟೆರಾಯ ಎಂದೇ ಕರೆಯುತ್ತಿದ್ದರು. ಅವನ ಬಣ್ಣ ಅಂತಿಂಥದ್ದಲ್ಲ. ಕಾಯಿಸಿ ಸುರಿದರೆ ನಾಣ್ಯದಷ್ಟು ದಪ್ಪಗೆ ಕೂರುತ್ತಿತ್ತು. ಅದರ ಬೆಲೆ ಗೊತ್ತಿದ್ದದ್ದು ಅವನ ತಾಯಿಗೆ.

ನಲವತ್ತು ವರ್ಷ ಅಂಗಿಗಳಿಗೆ ಕಾಜ ಹೊಲಿದು ಆಕೆಯ ಕಣ್ಣಲ್ಲಿ ಈಗ ಬರೀ ಮಂಜು ಉಳಿದಿತ್ತು. ಆದರೂ ದಿನಾ ಮಧ್ಯಾಹ್ನ ಎದುರು ಬೀದಿಯ ತಂಗಿಯ ಮನೆಗೆ ಹರಟೆಗೆ ಹೋಗಲೇಬೇಕು. ಚಪ್ಪಲಿ ಕೈಯಲ್ಲಿ ಹಿಡಿದು, ಇನ್ನೊಂದು ಕೈ ಚಾಚಿ, ಗಾಡಿಗಳ ಸದ್ದು ಅಡಗುವವರೆಗೂ ಕಾಯುತ್ತಿದ್ದಳು. ಆಮೇಲೆ ಬರಿಗಾಲಲ್ಲಿ ಪಟ್ಟೆಯ ಉಬ್ಬು ಎಣಿಸುತ್ತಾ, ಕನಸಿನಲ್ಲಿ ತೇಲಿದಂತೆ ದಾಟುತ್ತಿದ್ದಳು. ಒಂಬತ್ತಾದರೆ ಆಚೆ ದಡ.

ಹೀಗಿರುವಾಗ ಕಚೇರಿಯಿಂದ ಆದೇಶ ಬಂತು: ತಿರುವಿನಲ್ಲಿ ಗಾಡಿಯವರಿಗೆ ಜನ ಕಾಣುವುದಿಲ್ಲ, ಪಟ್ಟೆಯನ್ನು ನಲವತ್ತು ಹೆಜ್ಜೆ ಮುಂದಕ್ಕೆ ಹಾಕಿ. ಸರಿಯಾದ ಮಾತೇ. ಹಳೆಯದನ್ನು ಪಟ್ಟೆರಾಯನೇ ಕೆರೆದು ತೆಗೆದ.

"ಅಮ್ಮಾ, ಪಟ್ಟೆ ಜಾಗ ಬದಲಾಯ್ತು. ನಾನು ಕರ್ಕೊಂಡು ಹೋಗೋವರೆಗೂ ದಾಟ್ಬೇಡ."

"ಎಷ್ಟು ಸಲ ಹೇಳ್ತೀಯೋ? ನಾನೇನು ಕಿವುಡೀನಾ?"

ಮರುದಿನ ಮಧ್ಯಾಹ್ನ ಹೊಸ ಜಾಗದಲ್ಲಿ, ಗಾಡಿಗಳು ನಿಲ್ಲಬೇಕಾದ ಅಡ್ಡಗೆರೆ ಎಳೆಯುತ್ತಿದ್ದವನು ತಲೆಯೆತ್ತಿದ. ಅಯ್ಯೋ! ತಾಯಿ ಹಳೆಯ ಜಾಗದಲ್ಲೇ ನಡುರಸ್ತೆಗೆ ಬಂದುಬಿಟ್ಟಿದ್ದಳು. ಪಟ್ಟೆ ಸಿಗದೆ ಅವಳ ಕಾಲು ತಡಕಾಡುತ್ತಿತ್ತು. ತಿರುವಿನಲ್ಲಿ ಬಸ್ಸಿನ ಮೂತಿ ಕಾಣಿಸಿತು.

ಬಸ್ಸು ನಿಂತಿತು. ಗೆರೆಯಿಲ್ಲದ ಬರೀ ಡಾಂಬರಿನ ಮೇಲೆ, ಹಳೆಯ ಗೆರೆ ಎಲ್ಲಿತ್ತೋ ಸರಿಯಾಗಿ ಅಲ್ಲೇ ನಿಂತಿತು.

ಪಟ್ಟೆರಾಯ ಎದ್ದೆನೋ ಬಿದ್ದೆನೋ ಎಂದು ಓಡಿಬಂದ. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಹಣೆ ಒರೆಸಿಕೊಳ್ಳುತ್ತಾ, "ಹನ್ನೊಂದು ವರ್ಷ ಇಲ್ಲಿ ಬ್ರೇಕ್ ಒತ್ತಿದ್ದೀನಿ. ಪಟ್ಟೆ ಹೋಯ್ತು ಅಂತ ನನ್ನ ಕಾಲಿಗೆ ಯಾರು ಹೇಳ್ಬೇಕಪ್ಪಾ?" ಎಂದ.

ತಾಯಿ ಮಗನ ತೋಳು ಬಿಗಿಯಾಗಿ ಹಿಡಿದಳು. "ನೀನು ಹೇಳಿದ್ದು ಮರ್ತೇ ಹೋಯ್ತು ಕಣೋ. ಕಾಲು ತಾನಾಗೇ ಬಂದ್ಬಿಡ್ತು."

ಅವನು ಬೈಯಲಿಲ್ಲ. ಬೈದರೆ ಅಳು ಬರುತ್ತಿತ್ತು. ವಾರಪೂರ್ತಿ ಮನೆ ಬಾಗಿಲಿನಿಂದ ಹೊಸ ಜಾಗದವರೆಗೆ, ಅಲ್ಲಿಂದ ಆಚೆಗೆ, ಮತ್ತೆ ಈಚೆಗೆ ಅವಳ ಕೈ ಹಿಡಿದು ನಡೆಸಿದ. ಬಿಸಿಲಿಗೆ ಕಾದ ಬಿಳಿ ಪಟ್ಟೆಗಳನ್ನು ಅವಳ ಅಂಗಾಲು ಒಂದೊಂದಾಗಿ ಗುರುತು ಹಿಡಿಯಿತು. ಬಸ್ಸಿನವನೂ ದಿನಾ ಹೊಸ ಗೆರೆಯ ಹಿಂದೆ ನಿಲ್ಲಿಸಿ, "ನನ್ನ ಕಾಲಿಗೂ ಪಾಠ ನಡೀತಿದೆ ಅಜ್ಜೀ!" ಎನ್ನುತ್ತಿದ್ದ.

ಎಂಟನೆಯ ದಿನ ತಾಯಿ ಹೇಳಿದಳು: "ಕೈ ಬಿಡು."

"ಇನ್ನೊಂದು ದಿನ ಇರಲಿ ಅಮ್ಮಾ."

"ನಿನಗೆ ನಡಿಯೋಕೆ ಕಲಿಸಿದಾಗ ನಾನು ಬಿಡಲಿಲ್ವೇನೋ?"

ಬಿಟ್ಟ. ಅವಳು ಕೈ ಚಾಚಿದಳು. ಬಸ್ಸಿನ ಸದ್ದು ತಗ್ಗಿತು, ಪೂರ್ತಿ ನಿಂತಿತು. ಅವಳು ಬಿಳುಪಿನಿಂದ ಬಿಳುಪಿಗೆ ನಿಧಾನವಾಗಿ ಸಾಗಿದಳು. ಈಚೆ ನಿಂತು ಅವನೂ ಎಣಿಸಿದ. ಒಂಬತ್ತು ಎನ್ನುವಾಗ ಅವಳು ಆಚೆ ದಡದಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು.

ಪಟ್ಟೆರಾಯ ಫುಟ್‌ಪಾತಿನ ಮೇಲೆ ಕುಸಿದು ಕೂತು, ಬಣ್ಣ ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತ.