ಒಗೆಯದೆ ಇಟ್ಟ ಸೀರೆ

ನಮ್ಮ ಮನೆಯ ಬೀರುವಿನಲ್ಲಿ ಒಂದು ಸೀರೆ ಇದೆ. ಒಗೆಯದ ಸೀರೆ. ಬಾಗಿಲು ತೆಗೆದರೆ ಸಾಕು, ಸಗಣಿ, ಬೂಸ, ಹಸಿ ಹಾಲು ಎಲ್ಲ ಸೇರಿದ ಒಂದು ವಾಸನೆ ಮೈಸೂರಿನ ನಮ್ಮ ಮೂರನೆಯ ಮಹಡಿಯ ಮನೆಗೆ ಬಂದು ಕುರ್ಚಿ ಎಳೆದುಕೊಂಡು ಕೂತುಬಿಡುತ್ತದೆ. ನಮ್ಮೆಜಮಾನರು ಇಸ್ತ್ರಿ ಮಾಡಿದ ಅಂಗಿ ತೆಗೆದುಕೊಳ್ಳಲು ಹೋದಾಗಲೆಲ್ಲ “ಇದನ್ನ ಯಾವಾಗ ಒಗೀತೀಯ?” ಎಂದು ಕೇಳುತ್ತಾರೆ. “ಒಗೆಯೋದಿಲ್ಲ” ಎನ್ನುತ್ತೇನೆ. ಮೊದಮೊದಲು ಜಗಳವಾಡುತ್ತಿದ್ದರು. ಈಗ ಸುಮ್ಮನೆ ತಮ್ಮ ಅಂಗಿಗಳನ್ನೆಲ್ಲ ಇನ್ನೊಂದು ಕೋಣೆಗೆ ಸಾಗಿಸಿಕೊಂಡಿದ್ದಾರೆ.

ನೀವೂ ಮೂಗು ಮುಚ್ಚಿಕೊಳ್ಳುವ ಮೊದಲು ಅದು ಯಾರ ಸೀರೆ ಎಂದು ಹೇಳಿಬಿಡುತ್ತೇನೆ. ಅದು ನಮ್ಮ ಅತ್ತಿಗೆ ಮುನಿರತ್ನಮ್ಮನದು. ನನ್ನ ಒಬ್ಬನೇ ಅಣ್ಣನ ಹೆಂಡತಿ. ಬೂದಿಕೋಟೆ ಹತ್ತಿರದ ಹಳ್ಳಿಯಲ್ಲಿ ಅವರ ಮನೆ. ಹೋದ ಅವರೆಕಾಯಿ ಕಾಲದಲ್ಲಿ ಅವರ ಮಗಳು ಪವಿತ್ರ ಫೋನು ಮಾಡಿ, “ಅತ್ತೆ, ಕಾಲೇಜಲ್ಲಿ ಡಿಗ್ರಿ ಕೊಡೋ ಫಂಕ್ಷನ್ ಐತೆ. ಕರೀ ಗೌನು, ಟೋಪಿ ಎಲ್ಲ ಆಕ್ತಾರೆ. ನೀನು ಬರ್ಲೇಬೇಕು” ಎಂದಳು. ಅಂಥ ಮಾತಿಗೆ ಕಾದು ಕೂತವಳಂತೆ ನಾನು ಅದೇ ಸಂಜೆ ಅಂಗಡಿಗೆ ಹೋಗಿ ನೇರಳೆ ಬಣ್ಣದ ರೇಷ್ಮೆ ಸೀರೆ ತಂದೆ. ಡಿಗ್ರಿ ಅವಳದ್ದು, ಸೀರೆ ನನಗೆ. ನಮ್ಮಂಥವರ ಸಂಭ್ರಮಗಳೆಲ್ಲ ಹೀಗೆಯೇ ಶುರುವಾಗುತ್ತವೆ.

ಬಂಗಾರಪೇಟೆಯಲ್ಲಿ ರೈಲಿನಿಂದ ಇಳಿದವರು ಬೂದಿಕೋಟೆ ಬಸ್ಸು ಹತ್ತಬೇಕು. ನನಗೆ ಹಾಗೆ ನೆಟ್ಟಗೆ ಹೋಗುವುದು ಈವರೆಗೂ ಆಗಿಲ್ಲ. ಕೆ.ಜಿ.ಎಫ್. ಕಡೆಯ ರೈಲು ನಿಂತಿದ್ದರೆ ಕಾಲು ತಾನಾಗಿ ಅದರೊಳಕ್ಕೆ ಹೋಗುತ್ತದೆ. ಕೋರಮಂಡಲ್‌ನಲ್ಲಿ ಇಳಿದು, ನಾವು ಇದ್ದ ಲೈನಿನ ಮನೆಯ ಮುಂದೆ ಒಂದು ನಿಮಿಷ ನಿಂತು, ಅಲ್ಲಿ ಈಗಿರುವವರು “ಯಾರು ಬೇಕಮ್ಮಾ?” ಎಂದು ತಮಿಳಿನಲ್ಲಿ ಕೇಳುವ ಹೊತ್ತಿಗೆ ನಾಚಿಕೊಂಡು ವಾಪಸು ಬರುತ್ತೇನೆ. ಅಪ್ಪನೂ ಅಣ್ಣನೂ ಗಣಿಯಲ್ಲಿದ್ದ ಕಾಲದ ಮನೆ ಅದು. ಅತ್ತಿಗೆ ಮದುವೆಯಾಗಿ ಬಂದದ್ದೂ ಅಲ್ಲಿಗೇ. ತವರಲ್ಲಿ ತೆಲುಗು, ಊರಲ್ಲಿ ಕನ್ನಡ ಆಡಿಕೊಂಡು ಬೆಳೆದವಳು ನಮ್ಮ ಬೀದಿಯ ನಲ್ಲಿಯ ಮುಂದೆ ಒಂದೇ ತಿಂಗಳಲ್ಲಿ ತಮಿಳಿನಲ್ಲಿ ಜಗಳವಾಡಲು ಕಲಿತಳು.

ಆಗ ನಾನು ಬಂಗಾರಪೇಟೆಯ ಕಾಲೇಜಿಗೆ ರೈಲಿನಲ್ಲಿ ಹೋಗುತ್ತಿದ್ದೆ. ಅಮ್ಮ ಹಾಸಿಗೆ ಹಿಡಿದಿದ್ದಳು. ಗಣಿಯ ಸೈರನ್ ಕೂಗುವ ಮೊದಲೇ ಎದ್ದು ನನಗೆ ಡಬ್ಬಿ ಕಟ್ಟಿದವಳು ಅತ್ತಿಗೆ. ದಾರಿಯಲ್ಲಿ ನಾಯಿ ಕಾಟವೆಂದು ಟಾರ್ಚ್ ಹಿಡಿದು ಸ್ಟೇಷನ್ನಿನವರೆಗೆ ಬಿಟ್ಟು ಬರುತ್ತಿದ್ದವಳೂ ಅವಳೇ. ತಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನನಗೆ ಡಿಗ್ರಿ ಕೊಟ್ಟ ದಿನ ಅಪ್ಪ, ಅಣ್ಣ ಬೆಂಗಳೂರಿಗೆ ಬಂದರು. ಅಮ್ಮನ ಬಳಿ ಯಾರಾದರೂ ಇರಬೇಕಲ್ಲ, ಅತ್ತಿಗೆ ಉಳಿದಳು. ನಾವು ಮನೆಗೆ ಬಂದಾಗ ಅವಳು ಒಲೆ ಮುಂದೆ ಮುದ್ದೆ ತಿರುವುತ್ತಿದ್ದಳು. ತಿರುಗಿ ನೋಡದೆಯೇ, “ಕೂತ್ಕೊ. ಮೊದ್ಲಿಂದ ಏಳು. ಒಂದೂ ಬಿಡ್ಬೇಡ” ಎಂದಳು. ನಾನು ಹೇಳಿದೆ. ಸಭಾಂಗಣದ ಬಾಗಿಲಿನಿಂದ ಶುರುಮಾಡಿ, ಕೊಟ್ಟ ಕಾಫಿಯಲ್ಲಿ ಸಕ್ಕರೆ ಕಡಿಮೆ ಇತ್ತು ಎಂಬಲ್ಲಿಯವರೆಗೆ. ಇವತ್ತಿಗೂ ಆ ದಿನವೆಂದರೆ ನನಗೆ ನೆನಪಾಗುವುದು ಆ ಸಭಾಂಗಣವಲ್ಲ, ಕೇಳುತ್ತ ಕೇಳುತ್ತ ಮುದ್ದೆ ಕೋಲು ನಿಲ್ಲಿಸಿಬಿಟ್ಟಿದ್ದ ಅತ್ತಿಗೆಯ ಕೈ.

ಗಣಿ ಮುಚ್ಚಿದ ಮೇಲೆ ಅವರು ಅತ್ತಿಗೆಯ ಊರಿಗೆ ಹೋದರು. ಅಣ್ಣ ಈಗಲೂ ನಸುಕಿನಲ್ಲೇ ಎದ್ದು ಬಂಗಾರಪೇಟೆಯಿಂದ ರೈಲು ಹಿಡಿದು ಬೆಂಗಳೂರಿನ ಕಾರ್ಖಾನೆಗೆ ಹೋಗಿ ಬರುತ್ತಾನೆ. ಮನೆ ನಡೆಸುವುದು ಅತ್ತಿಗೆ, ಮತ್ತು ಅತ್ತಿಗೆಯನ್ನು ನಡೆಸುವುದು ಒಂದು ಸೀಮೆಹಸು. ಅದರ ಗತ್ತು ನೋಡಿ ಅಣ್ಣ ಅದಕ್ಕೆ ‘ಮೇಡಂ’ ಎಂದು ಹೆಸರಿಟ್ಟಿದ್ದಾನೆ. ಮೇಡಂ ಅತ್ತಿಗೆಯ ಕೈಗೆ ಬಿಟ್ಟು ಇನ್ನಾರ ಕೈಗೂ ಹಾಲು ಇಳಿಸುವುದಿಲ್ಲ. ಹಿಂದೊಮ್ಮೆ ಅತ್ತಿಗೆ ಕಾಮಸಮುದ್ರದಲ್ಲಿರುವ ತಂಗಿಯ ಮನೆಗೆ ಹೋಗಿ ಒಂದು ರಾತ್ರಿ ಉಳಿದಳಂತೆ. ಬರುವಷ್ಟರಲ್ಲಿ ಕೆಚ್ಚಲು ಬಾತು ಕಲ್ಲಾಗಿ, ಡಾಕ್ಟರು ಬಂದು, ಹಸು ಉಳಿದದ್ದೇ ಹೆಚ್ಚು. ಅಂದಿನಿಂದ ಅತ್ತಿಗೆ ಹಾಲು ಕರೆಯುವ ಹೊತ್ತು ತಪ್ಪಿಸಿ ಎಲ್ಲಿಗೂ ಹೋಗಿಲ್ಲ. ಕೋರಮಂಡಲ್‌ನಲ್ಲಿ ಸೈರನ್ ಹೇಳಿದಂತೆ, ಊರಲ್ಲಿ ಡೈರಿ ಹೇಳಿದಂತೆ. ಅವಳದೇ ಎನ್ನುವ ಹೊತ್ತು ಅವಳಿಗೆ ಯಾವತ್ತೂ ಇರಲಿಲ್ಲ.

ನಾನು ಹೋದಾಗ ಅತ್ತಿಗೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಚೀಲ ಇಳಿಸಿಕೊಂಡು, ನೀರು ಕೊಟ್ಟು, ತೀರಾ ಸಹಜವಾಗಿ ಹೇಳಿದಳು: “ಸದ್ಯ ನೀನು ಬಂದ್ಯಲ್ಲ. ನೀನೂ ನಿಮ್ಮಣ್ಣನೂ ಓಗ್ಬನ್ನಿ. ಕೋಲಾರದಾಗೆ ಮದ್ಯಾನ ಶುರುವಾದ್ರೆ ಮುಗಿಯೋದು ಸಂಜೆಗೆ. ಅಸು ಯಾರು ಕರೀತಾರೆ?”

ಪವಿತ್ರಳ ಮುಖ ಸಣ್ಣಗಾಯಿತು. “ಅಮ್ಮ ಬರ್ದಿದ್ರೆ ನಾನೂ ಓಗಲ್ಲ ಅತ್ತೆ. ಡಿಗ್ರಿ ಪೋಸ್ಟಲ್ಲಿ ಬರ್ಲಿ” ಎಂದು ಒಳಗೆ ಹೋದವಳು ಊಟಕ್ಕೂ ಬರಲಿಲ್ಲ. ಆ ಹಾಲಿನಿಂದಲೇ ಓದಿದ ಹುಡುಗಿ. ಅವಳ ಸಿಟ್ಟಿನಲ್ಲಿ ನ್ಯಾಯವಿತ್ತು.

ಅಕ್ಕಪಕ್ಕದ ಹೆಂಗಸರನ್ನು ಕೇಳೋಣವೆಂದರೆ ಎಲ್ಲರ ಮನೆಯಲ್ಲೂ ಹಸು, ಎಲ್ಲರಿಗೂ ಅದೇ ಡೈರಿ, ಅದೇ ಹೊತ್ತು. ಹಸುವಿಗೆ ಯಜಮಾನಿಯ ಸೀರೆಯ ವಾಸನೆ ಸಿಕ್ಕರೆ ಬೇರೆಯವರ ಕೈಗೂ ಹಾಲು ಕೊಡುತ್ತದೆ ಎಂಬುದು ಆ ಕಡೆ ಎಲ್ಲರಿಗೂ ಗೊತ್ತಿರುವ ಉಪಾಯ. ಅದನ್ನು ನಂಬಿ ಅಣ್ಣ ಒಮ್ಮೆ ಪಂಚೆಯ ಮೇಲೆ ಅತ್ತಿಗೆಯ ಸೀರೆ ಸುತ್ತಿಕೊಂಡು, ಸೆರಗು ಹೊದ್ದು ಕೂತನಂತೆ. ಮೇಡಂ ಮೂಸಿ ನೋಡಿ ಬಕೆಟ್ಟನ್ನೂ ಅವನನ್ನೂ ಒಟ್ಟಿಗೇ ಒದ್ದಳಂತೆ. “ಸೀರೆ ನನ್ದು ಸರಿ, ಬೀಡಿ ವಾಸ್ನೆ ಎಲ್ಲಿಗೋಗುತ್ತೆ?” ಎಂದು ಅತ್ತಿಗೆ ನಕ್ಕಳು.

“ನನಗೆ ಬೀಡಿ ಅಭ್ಯಾಸ ಇಲ್ವಲ್ಲ. ನಾನು ಕರೀತೀನಿ. ಅತ್ತಿಗೆ, ನೀನು ಓಗು” ಎಂದೆ.

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. “ನೀನಾ? ಪ್ಯಾಕೆಟ್ ಆಲು ಕತ್ತರ್ಸೋಕೇ ಕತ್ರಿ ಉಡುಕ್ತೀಯ!” ಅತ್ತಿಗೆ ಮಾತ್ರ ನಗಲಿಲ್ಲ. ನನ್ನನ್ನೇ ನೋಡಿದಳು. “ನೀನು ಅಷ್ಟು ದೂರದಿಂದ ಫಂಕ್ಷನ್‌ಗೆ ಅಂತ ಬಂದೋಳು...” ಎಂದಳು. ನಾನು ಬಂದದ್ದು ನಿನಗಾಗಿ ಎಂದು ಹೇಳಬೇಕೆನಿಸಿತು. ಅಂಥ ಮಾತು ನಮ್ಮ ಮನೆಗಳಲ್ಲಿ ಯಾರ ಬಾಯಲ್ಲೂ ಸಲೀಸಾಗಿ ಬರುವುದಿಲ್ಲ. “ನನ್ನ ಡಿಗ್ರಿಗೆ ನೀನು ಉಳಿದಿದ್ದೆ. ಈ ಸಲ ನಾನು ಉಳೀತೀನಿ” ಎಂದಷ್ಟೇ ಹೇಳಿದೆ.

ಫಂಕ್ಷನ್‌ಗೆ ಇನ್ನೂ ಎರಡು ದಿನವಿತ್ತು. ಅತ್ತಿಗೆ ಹಿಂದೆ ನಿಂತು ಕಲಿಸಿದಳು. ಹಿಂದೆ ರಜಕ್ಕೆ ಬಂದಾಗ ಒಂದಿಷ್ಟು ಕರೆದು ಗೊತ್ತಿತ್ತು, ಬೆರಳುಗಳು ಮರೆತಿದ್ದವು. ಆಂಧ್ರದ ಸಂತೆಯಿಂದ ಬಂದ ಹಸುವಾದ್ದರಿಂದ ಅದರ ಹತ್ತಿರ ತೆಲುಗೇ ಆಡಬೇಕಂತೆ: “ಉಂಡಮ್ಮಾ, ಉಂಡು”, ಅಂದರೆ ನಿಲ್ಲಮ್ಮಾ, ನಿಲ್ಲು.

ಆ ದಿನ ಬೆಳಿಗ್ಗೆ ಸೀರೆಗಳು ಅದಲುಬದಲಾದವು. ನನ್ನ ನೇರಳೆ ರೇಷ್ಮೆ ಅತ್ತಿಗೆಯ ಮೈಮೇಲೆ, ಅವಳ ಕೊಟ್ಟಿಗೆ ಸೀರೆ ನನ್ನ ಮೈಮೇಲೆ. ಪವಿತ್ರ ಅಮ್ಮನಿಗೆ ಹೂ ಮುಡಿಸಿ ಪೌಡರು ಹಚ್ಚಿದಳು. ಬಸ್ಸು ಹತ್ತುವ ತನಕ ಅತ್ತಿಗೆ ತಿರುಗಿ ತಿರುಗಿ ಹೇಳಿದ್ದು ಒಂದೇ: “ಬೂಸ ಮೊದ್ಲು ಇಡು. ಆಮ್ಯಾಕೆ ಕೂತ್ಕೊ.”

ಸಂಜೆ ಬೂಸ ಇಟ್ಟು ಕೂತೆ. ಮೇಡಂ ಸೆರಗು ಮೂಸಿದಳು. ಆಮೇಲೆ ನನ್ನ ಮುಖ ನೋಡಿದಳು. ಏನೋ ಸರಿಯಿಲ್ಲ ಎಂದು ಅವಳಿಗೆ ಖಂಡಿತ ಗೊತ್ತಾಯಿತು. ಕಾಲು ಸ್ವಲ್ಪ ಎತ್ತಿದ್ದೇ ತಡ ನನ್ನ ತೆಲುಗು ಹಾರಿಹೋಗಿ, ಕೋರಮಂಡಲ್ ಬೀದಿಯ ತಮಿಳು ಬಾಯಿಗೆ ಬಂತು: “ಕೊಂಜಂ ಇರುಮ್ಮಾ!” ಮೇಡಂ ಕಿವಿ ಆಡಿಸಿ, ಕಾಲು ಇಳಿಸಿ, ಬೂಸಕ್ಕೆ ಬಾಯಿ ಹಾಕಿದಳು. ಮೊದಲ ಹನಿ ಖಾಲಿ ಬಕೆಟ್ಟಿಗೆ ಬಿದ್ದು ಸದ್ದಾದಾಗ ನನಗೆ ಅಳುವೇ ಬಂತು. ದಿನದಷ್ಟು ಹಾಲು ಬರಲಿಲ್ಲ. ಆದರೆ ಕೆಚ್ಚಲು ಖಾಲಿಯಾಯಿತು, ಅಷ್ಟು ಸಾಕಿತ್ತು.

ಡೈರಿಯಲ್ಲಿ ಹಾಲು ಅಳೆಯುವವರು ಕನ್ನಡಕ ಸರಿಮಾಡಿಕೊಂಡು, “ಮುನಿರತ್ನಮ್ಮ ಎಲ್ಲಮ್ಮಾ?” ಎಂದು ಕೇಳಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. “ಮಗಳಿಗೆ ಡಿಗ್ರಿ ಕೊಡ್ತಾ ಅವ್ರೆ. ನೋಡೋಕೆ ಓಗವ್ಳೆ” ಎಂದೆ. ಕಚೇರಿಯಲ್ಲಿ ನಾನು ಎಷ್ಟೋ ಭಾಷಣ ಮಾಡಿದ್ದೇನೆ. ಇಷ್ಟು ಹೆಮ್ಮೆಯಿಂದ ಯಾವ ಮಾತನ್ನೂ ಆಡಿದ ನೆನಪಿಲ್ಲ.

ಕತ್ತಲಾಗುವ ಹೊತ್ತಿಗೆ ಅವರು ಬಂದರು. ಅತ್ತಿಗೆ ನನ್ನನ್ನು ಮಾತಾಡಿಸದೆ ರೇಷ್ಮೆ ಸೀರೆಯಲ್ಲೇ ನೆಟ್ಟಗೆ ಕೊಟ್ಟಿಗೆಗೆ ನುಗ್ಗಿದಳು. ಮಲ್ಲಿಗೆ, ಪೌಡರು, ಹೊಸ ರೇಷ್ಮೆಯ ವಾಸನೆಗೆ ಮೇಡಂ ಹಗ್ಗ ಜಗ್ಗಿ ಹಿಂದೆ ಹಿಂದೆ ಸರಿದಳು. “ಅಯ್ಯೋ, ನಾನು ಕಣೇ!” ಎಂದು ಅತ್ತಿಗೆ ಕೈ ಚಾಚಿದರೆ ಕೊಂಬು ಆಡಿಸಿದಳು. ಅತ್ತಿಗೆ ಒಂದು ಕ್ಷಣ ಪೆಚ್ಚಾಗಿ ನಿಂತು, ಆಮೇಲೆ ನಕ್ಕಳೇ ನಕ್ಕಳು. “ಆ ಕರೀ ಗೌನಿನಾಗೆ ಎತ್ತ ಮಗ್ಳೇ ನಂಗೆ ಗುರ್ತು ಸಿಗಲಿಲ್ಲ. ಇನ್ನ ಇದು ಬಾಯಿಲ್ಲದ ಪ್ರಾಣಿ!”

ಕೈಕಾಲು ತೊಳೆದು ಅವಳು ಒಳಗೆ ಬಂದಾಗ ನಾನು ಒಲೆ ಮುಂದೆ ಮುದ್ದೆ ತಿರುವುತ್ತಿದ್ದೆ. “ಕೂತ್ಕೊ ಅತ್ತಿಗೆ. ಮೊದ್ಲಿಂದ ಏಳು. ಒಂದೂ ಬಿಡ್ಬೇಡ” ಎಂದೆ. ಅವಳು ತಟ್ಟನೆ ನನ್ನ ಮುಖ ನೋಡಿದಳು. ಅವಳಿಗೂ ನೆನಪಿತ್ತು.

ಹೇಳಿದಳು. ಪವಿತ್ರಳ ಹೆಸರು ಕೂಗಿದಾಗ ತಾನು ಎದ್ದು ನಿಂತದ್ದು, ಹಿಂದಿನವರು ಕೂರಿ ಎಂದರೂ ಕೂರದೆ ಇದ್ದದ್ದು, ಅಣ್ಣ ಸೆರಗು ಜಗ್ಗಿದ್ದು. ಬರುವಾಗ ಬಂಗಾರಪೇಟೆಯಲ್ಲಿ ಮಗಳು ಪಾನಿಪುರಿ ತಿನ್ನಿಸಿದ್ದು. “ಅದರ ಪಾನಿ ಬರೀ ನೀರಿನಂಗೆ ಇತ್ತು ಕಣಮ್ಮಾ, ಬಣ್ಣಾನೇ ಇಲ್ಲ, ಬಾಯಿಗಿಟ್ರೆ ಕಣ್ಣಾಗೆ ನೀರು!” ಜೀವಮಾನವೆಲ್ಲ ಆ ಅಂಗಡಿಗಳ ಮುಂದೆ ಸಂಜೆಯ ಬಸ್ಸಿಗೆ ಓಡಿದವಳು ಮೊದಲ ಸಲ ನಿಂತು ತಿಂದಿದ್ದಳು.

ಹೊರಡುವ ದಿನ ಅರಿಶಿನ ಕುಂಕುಮದ ಜೊತೆ ಹೊಸ ಸೀರೆ ಕೊಡಲು ಬಂದಳು. ನಾನು ಕೊಟ್ಟಿಗೆ ಸೀರೆಯೇ ಬೇಕೆಂದೆ. ರೇಷ್ಮೆ ನಿನಗೇ ಇರಲಿ ಎಂದೆ. “ಮನೆ ಎಣ್ಮಗಳಿಗೆ ಅಳೇ ಸೀರೆ ಕೊಟ್ಟು ಕಳಿಸ್ತಾರಾ? ಯಾರಾನಾ ಕೇಳಿದ್ರೆ ಏನಂತಾರೆ!” ಎಂದು ಬೈದು, ಕೊನೆಗೆ ಹೊಸದರ ಕೆಳಗೆ ಅದನ್ನು ಬಚ್ಚಿಟ್ಟು ಕಟ್ಟಿಕೊಟ್ಟಳು. ಹಾಗೆ ಅದು ನಮ್ಮ ಬೀರುವಿಗೆ ಬಂತು.

ಇವತ್ತು ಬೆಳಿಗ್ಗೆ ಅದರ ವಾಸನೆ ಕುಡಿಯುತ್ತ ನಿಂತಿದ್ದಾಗಲೇ ಅತ್ತಿಗೆಯ ಫೋನು ಬಂತು. ಅವಳಾಗಿ ಫೋನು ಮಾಡುವುದು ಅಪರೂಪ. ಹಸು, ಮಳೆ, ಪವಿತ್ರ ಎಲ್ಲ ಮುಗಿಯಿತು. ಆದರೂ ಇಡಲಿಲ್ಲ. ಮದುವೆಯಿಲ್ಲ, ಸಾವಿಲ್ಲ, ಏನೂ ಇಲ್ಲ, ಕಾಮಸಮುದ್ರದ ತಂಗಿಯ ಮನೆಯಲ್ಲಿ ಸುಮ್ಮನೆ ಎರಡು ದಿನ ಇದ್ದು ಬರಬೇಕು ಅನ್ನಿಸುತ್ತಿದೆ ಎಂದಳು. ಇಷ್ಟು ವರ್ಷಗಳಲ್ಲಿ ಅತ್ತಿಗೆ ತನಗೆಂದು ಏನನ್ನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು:

“ಆ ಸೀರೆ ಒಗ್ದುಬಿಟ್ಯಾ?”

“ಇಲ್ಲ ಅತ್ತಿಗೆ.”

ಆ ಕಡೆ ಅವಳು ಉಸಿರು ಬಿಟ್ಟದ್ದು ಕೇಳಿಸಿತು.

“ಅಂಗಾದ್ರೆ ಬಾ” ಎಂದಳು.