ಕಿರುಬೆರಳಿಗೆ ಹೋಗುವ ದಾರಿ

ಮನುಷ್ಯ ತನ್ನ ಕಿರುಬೆರಳಿನ ಬಗ್ಗೆ ಯಾವಾಗ ಯೋಚಿಸುತ್ತಾನೆ ಹೇಳಿ? ಅದು ಬಾಗಿಲಿಗೆ ಸಿಕ್ಕಿದಾಗ ಮಾತ್ರ. ನಾನಂತೂ ಐವತ್ತು ದಾಟುವವರೆಗೆ ಅದನ್ನು ಉಳಿದ ನಾಲ್ವರ ಜೊತೆ ಸುಮ್ಮನೆ ಬಂದು ಕೂತ ನೆಂಟ ಎಂದೇ ತಿಳಿದಿದ್ದೆ. ಹೋದ ವರ್ಷ ಬಲಗೈಯ ಆ ನೆಂಟ, ಪಕ್ಕದ ಉಂಗುರಬೆರಳಿನ ಅರ್ಧವನ್ನೂ ಸೇರಿಸಿಕೊಂಡು, ಮರಗಟ್ಟಿಬಿಟ್ಟ.

ನನ್ನದು ರಬ್ಬರ್ ಟ್ಯಾಪಿಂಗ್ ಕೆಲಸ, ಮರದ ತೊಗಟೆ ಕೆತ್ತಿ ಹಾಲು ಇಳಿಸುವುದು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ನನ್ನಷ್ಟು ನಯವಾಗಿ ತೊಗಟೆ ತೆಗೆಯುವವರು ಸುಳ್ಯದ ಈ ಬದಿಯಲ್ಲಿ ಕಡಿಮೆ. ಇದನ್ನು ನಾನೇ ಹೇಳಬೇಕು, ಬೇರೆಯವರು ಹೇಳುವುದಿಲ್ಲ. ಕತ್ತಿ ತೊಗಟೆಯ ಒಳಪದರದವರೆಗೆ ಹೋಗಬೇಕು, ಮರದ ಮೈಗೆ ತಾಗಬಾರದು. ತಾಗಿದರೆ ಗಾಯ ಗಂಟುಗಟ್ಟಿ, ಮುಂದೆ ಆ ಜಾಗದಲ್ಲಿ ಹಾಲು ಬರುವುದು ಕಷ್ಟ. ಕಣ್ಣಿಗೆ ಕಾಣದ ಆ ಆಳವನ್ನು ಕೈ ನೋಡುತ್ತದೆ. ಕೈಯೇ ಕುರುಡಾದರೆ ತೋಟದವರು ಮರಗಳನ್ನು ಬೇರೆಯವರಿಗೆ ಕೊಡದೆ ಇರುತ್ತಾರೆಯೇ?

ನಮ್ಮಲ್ಲಿ ಮರದ ಒಂದು ಬದಿಯ ತೊಗಟೆ ಮುಗಿದರೆ ಇನ್ನೊಂದು ಬದಿಗೆ ಹೋಗುವ ಕ್ರಮ. ಬಿಟ್ಟ ಬದಿ ವಿಶ್ರಾಂತಿಯಲ್ಲಿದ್ದು ಹೊಸ ತೊಗಟೆ ಕಟ್ಟಿಕೊಳ್ಳುತ್ತದೆ. ಅದೇ ಕ್ರಮವನ್ನು ನನ್ನ ಮೈಗೂ ಹಚ್ಚಿದೆ. ದುಡಿದು ದುಡಿದು ಬಲಬದಿ ಸವೆಯಿತು, ಇನ್ನು ಎಡಬದಿ! ಹಾಗೆಂದು ಬಸ್‌ಸ್ಟ್ಯಾಂಡಿನಲ್ಲಿ ಕಂಡವರಿಗೆಲ್ಲ ಜಂಬದಿಂದ ಹೇಳಿದೆ, ಎಡಗೈಯಲ್ಲಿ ಕತ್ತಿ ಹಿಡಿದೆ. ಮರಗಳ ಹಾಲನ್ನು ಬಕೆಟಿಗೆ ಸೇರಿಸಲು ಬಂದ ಹೆಂಡತಿ ವಾರಿಜ ಮೊದಲ ಮರದೆದುರೇ ನಿಂತಳು.

"ಇದೆಂತ ಮಾರಾಯ್ರೆ, ಮರಕ್ಕೆ ಆಡು ಕಟ್ಟಿ ಹಾಕಿದ್ರಾ? ತೊಗಟೆ ಎಲ್ಲ ಕಚ್ಚಿ ತಿಂದ ಹಾಗುಂಟು."

"ಬಲಗೈಗೆ ರಜೆ ಕೊಟ್ಟದ್ದು."

"ಕೊಡಿ, ಬೇಡ ಹೇಳುದಿಲ್ಲ. ಪುತ್ತೂರಿನಲ್ಲಿ ಒಮ್ಮೆ ತೋರಿಸಿಕೊಂಡು ಬಂದು ಕೊಡಿ."

ಪುತ್ತೂರಿನ ನರದ ಡಾಕ್ಟರು ನನ್ನ ಮಗಳಿಗಿಂತ ಚಿಕ್ಕವರು. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಕಾಗದ ಕೊಟ್ಟು, "ಗಟ್ಟಿ ಹಿಡ್ಕೊಳ್ಳಿ, ನಾನು ಎಳೀತೇನೆ" ಎಂದರು. ಎಡಗೈಯಲ್ಲಿ ಕಾಗದ ಹರಿಯಿತೇ ಹೊರತು ಕೈ ಬಿಡಲಿಲ್ಲ. ಬಲಗೈಯಿಂದ ಅದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಈಚೆ ಬಂತು. ಅಲ್ಲಿಯವರೆಗೆ ನಗಾಡುತ್ತಿದ್ದ ನಾನು ಇನ್ನೊಂದು ಕಾಗದ ಕೊಡಿ ಎಂದೆ.

ಆಮೇಲೆ ಅವರು ಮೊಣಕೈಯ ಒಳಬದಿಗೆ ಸಣ್ಣಗೆ ಬಡಿದರು. ಝಲ್ಲೆಂದು ಕಿರುಬೆರಳ ತುದಿಯವರೆಗೆ ಕರೆಂಟು!

"ಬೆರಳಿಗೆ ಎಂತದೂ ಆಗ್ಲಿಲ್ಲ. ನರದ ದಾರಿ ಇಲ್ಲಿ ಕಟ್ಟಿ ಹೋದದ್ದು. ನೀವು ಮಲಗುದು ಹೇಗೆ?"

"ಡಾಕ್ಟ್ರೆ, ನಾನು ಸಣ್ಣದರಿಂದಲೂ ದುಡಿದವ..."

"ದುಡಿದದ್ದು ಸರಿ. ನಾನು ಮಲಗುದನ್ನು ಕೇಳಿದ್ದು."

ನನಗಿಂತ ಮೊದಲು ವಾರಿಜ ಬಾಯಿ ತೆರೆದಳು. "ಮಧ್ಯಾಹ್ನ ಊಟ ಆದ್ರೆ ಜಗಲಿಯಲ್ಲಿ, ಬಲಗೈ ಮಡಚಿ ತಲೆಯಡಿಗೆ ಇಟ್ಟು. ದಿಂಬು ಕೊಟ್ರೆ ಬೇಡ, ಇವರಿಗೆ ಮರ್ಯಾದೆ ಹೋಗ್ತದೆ."

"ಹಾಗಾದ್ರೆ ಅದೇ. ಮಡಚಿದ ಕೈ, ಮೇಲೆ ತಲೆಯ ಭಾರ. ನರ ಎಷ್ಟೂಂತ ತಡ್ಕೊಳ್ತದೆ?"

ಊರಿಗೆಲ್ಲ ದುಡಿಮೆಯ ಗಾಯವೆಂದು ತೋರಿಸಿದ್ದು ನಿದ್ದೆಯ ಗಾಯ! ಗುಣವಾಗುತ್ತದೆಯೇ ಎಂದೆ. "ಆಗ್ಲಿಕ್ಕೂ ಸಾಕು, ಆಗದೆಯೂ ಇರ್ಬಹುದು. ನೀವು ಬಂದದ್ದು ತಡ. ನೋಡುವ" ಎಂದರು. ನರ ಹೊಸದಾಗಿ ಬೆಳೆಯಬೇಕಾದರೆ ದಿನಕ್ಕೆ ಒಂದು ಅಕ್ಕಿಕಾಳಿನ ದಪ್ಪದಷ್ಟೇ ಅಂತೆ.

ಅವರ ಗೋಡೆಯ ಮೇಲೊಂದು ಚಿತ್ರವಿತ್ತು. ಮಾಂಸ, ಎಲುಬು ಎಲ್ಲ ತೆಗೆದು ಬರಿಯ ನರಗಳನ್ನೇ ಉಳಿಸಿದ ಮನುಷ್ಯ. ಮೇಲೆ ಮಿದುಳು, ಅಲ್ಲಿಂದ ಬೆನ್ನೆಲುಬಿನೊಳಗೆ ಇಳಿದ ಹುರಿ, ಹುರಿಯಿಂದ ಕವಲು, ಕವಲಿಗೆ ಕವಲು, ಕೊನೆಗೆ ಕೂದಲಿಗಿಂತ ಸಣ್ಣ ಬೇರುಗಳು. ಕುತ್ತಿಗೆಯಿಂದ ಹೊರಟ ಒಂದು ಎಳೆ ಕಂಕುಳು ದಾಟಿ, ಮೊಣಕೈಯ ಎಲುಬಿನ ಹಿಂದೆ ನುಸುಳಿ, ನನ್ನ ನೆಂಟನ ಮನೆ ಸೇರುತ್ತಿತ್ತು. ಅದೇ ದಾರಿಯಲ್ಲಿ ಸುದ್ದಿ ಮೇಲೆ ಹೋಗುತ್ತದೆ, ಅಪ್ಪಣೆ ಕೆಳಗೆ ಬರುತ್ತದೆ. ಬಲಗೈಯ ಯಜಮಾನ ಮಿದುಳಿನ ಎಡಭಾಗವಂತೆ. ಬಿಸಿ ಪಾತ್ರೆ ಮುಟ್ಟಿದರೆ ಮಿದುಳಿಗೆ ಉರಿ ಗೊತ್ತಾಗುವ ಮೊದಲೇ ಬೆನ್ನುಹುರಿ ಕೈಯನ್ನು ಹಿಂದಕ್ಕೆ ಎಳೆಸಿ ಆಗಿರುತ್ತದಂತೆ. ಮೈಯ ನೋವನ್ನೆಲ್ಲ ತಿಳಿಯುವ ಮಿದುಳಿಗೆ ಮಾತ್ರ ಅದನ್ನೇ ಮುಟ್ಟಿದರೂ ಕುಯ್ದರೂ ನೋವಿಲ್ಲ. ನಾನು ಜಗಲಿಯಲ್ಲಿ ಗೊರಕೆ ಹೊಡೆಯುವಾಗ ಎದೆ ಬಡಿಸುವುದು, ಉಸಿರು ಆಡಿಸುವುದು, ಕುಚ್ಚಲಕ್ಕಿ ಅನ್ನ ಕರಗಿಸುವುದು, ಎಲ್ಲವನ್ನೂ ನನ್ನನ್ನು ಒಂದು ಮಾತು ಕೇಳದೆ ನಡೆಸುವವರು ಈ ನರಗಳು. ಶ್ರಮಜೀವಿ ಎಂದು ಬೀಗುತ್ತಿದ್ದ ನಾನು ಆ ಚಿತ್ರದ ಮುಂದೆ ಕೈಮುಗಿಯುವುದೊಂದು ಬಾಕಿ.

ಮಳೆಗಾಲದುದ್ದಕ್ಕೂ ಮೊಣಕೈ ಮಡಚದಂತೆ ಮೈ ಒರೆಸುವ ಬೈರಾಸು ಸುತ್ತಿಕೊಂಡು ಮಲಗಿದೆ. ತೋಟದವರು ಅರ್ಧ ಮರಗಳನ್ನು ಬೇರೆಯವನಿಗೆ ಕೊಟ್ಟರು. ಉಳಿದರ್ಧ ಉಳಿಯುವುದೇ ಎಂದು ದಿನಾ ಕಿರುಬೆರಳನ್ನು ಚಿವುಟಿ ಕೇಳುತ್ತಿದ್ದೆ. ಚಿವುಟಿದ್ದು ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ.

ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ, ಮರಕ್ಕೆ ಕಟ್ಟಿದ ತೆಂಗಿನ ಗೆರಟೆಯಲ್ಲಿ ಒಣಗಿದ ಹಾಲು ಕೀಳುತ್ತಿದ್ದೆ. "ಅಯ್ಯಮ್ಮಾ!" ಎಂದು ನಾನು ಕಿರುಚಿದ್ದಕ್ಕೆ ವಾರಿಜ ಬಕೆಟ್ ಬಿಟ್ಟು ಓಡಿ ಬಂದಳು.

"ಎಂತಾಯ್ತು? ಹಾವಾ?"

"ಇರುವೆ! ಕಿರುಬೆರಳಿಗೆ ಕಚ್ಚಿತು ಮಾರಾಯ್ತಿ!"

"ಕಚ್ಚಿದ್ದಕ್ಕೆ ನಗುದಾ ನೀವು?" ಎಂದವಳಿಗೆ ಮರುಕ್ಷಣ ಅರ್ಥವಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೆಂಪಿರುವೆಯನ್ನು ಕಂಡಲ್ಲಿ ಹೊಸಕುವವನು ನಾನು. ಆವತ್ತು ಕೈ ಬರಲಿಲ್ಲ. ಇನ್ನೊಮ್ಮೆ ಕಚ್ಚಲಿ ಎಂದು ಬೆರಳನ್ನು ಅಲುಗಿಸದೆ ತುಸುಹೊತ್ತು ಹಾಗೇ ಹಿಡಿದುಕೊಂಡಿದ್ದೆ.