ಬಸವನಗುಡಿಯಲ್ಲಿ ಜಮೈಕಾದ ರಮ್

ಮೊಟ್ಟೆ ಕೂಡ ಒಳಗೆ ತರಬಾರದೆಂಬ ಷರತ್ತಿಗೆ ಒಪ್ಪಿ ಹಿಡಿದ ಬಾಡಿಗೆ ಮನೆಯಲ್ಲಿ ನಾನು ಜೀವನದಲ್ಲಿ ಮೊದಲ ಸಲ ಮದ್ಯ ಕುಡಿದೆ. ಬಾಟಲಿ ತೆರೆದವರು ಮನೆಯೊಡತಿಯ ತಮ್ಮ. ನನಗಾಗ ಐವತ್ತರ ಹತ್ತಿರ ವಯಸ್ಸು.

ಮುಧೋಳದ ಕಡೆಯ ನೀವು ಇದನ್ನು ಓದಿ ಏನೆಂದುಕೊಳ್ಳುತ್ತೀರೋ ಗೊತ್ತಿಲ್ಲ. ಅಲ್ಲಿ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಅಂದರೆ ಕಾಕಂಬಿ, ಹುಳಿಯುವ ವಾಸನೆಯಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು. ಕಾರ್ಖಾನೆ ಮುಚ್ಚಿದಾಗ ಚಾಮರಾಜಪೇಟೆಯಲ್ಲಿ ಬೇಕರಿಗಳಿಗೆ ಎಸೆನ್ಸ್ ತಯಾರಿಸುವ ಸಣ್ಣ ಕಂಪನಿಯೊಂದು ನನ್ನ ಮೂಗನ್ನು ನಂಬಿ ಕೆಲಸ ಕೊಟ್ಟಿತು. ಒಂಟಿ ಹೆಂಗಸಿಗೆ ಮನೆ ಕೊಡುವವರು ಕಡಿಮೆ. ಕೊನೆಗೆ ಪದ್ಮಾವತಮ್ಮ ಎಂಬ ನಿವೃತ್ತ ಶಿಕ್ಷಕಿ ಬಸವನಗುಡಿಯ ತಮ್ಮ ಮನೆಯ ಮಹಡಿಯನ್ನು ಬಿಟ್ಟುಕೊಟ್ಟರು.

ಮೊದಲ ದಿನ ಬೆಳಿಗ್ಗೆ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಅವರು ಗಾಬರಿಯಿಂದ ಮೇಲೆ ಬಂದು, "ಏನ್ರೀ, ಗೋಡೆಗೆ ಮೊಳೆ ಹೊಡೀತಿದೀರಾ?" ಎಂದರು. ಗಾಂಧಿಬಜಾರಿನ ಅಂಗಡಿಯವನು ನನ್ನ ಕನ್ನಡ ಕೇಳಿ ಹಿಂದಿಯಲ್ಲಿ ಉತ್ತರ ಕೊಟ್ಟ. ಇಲ್ಲಿ ಹುಳಿ ಎಂದರೆ ಬೇಳೆ ತರಕಾರಿ ಹಾಕಿದ ಸಾರು, ನಾಲಿಗೆಗಿಟ್ಟರೆ ಸಿಹಿ. ಭಾನುವಾರಗಳಂದು ಮಾತಾಡಲು ಯಾರೂ ಇರುತ್ತಿರಲಿಲ್ಲ. ಬಟ್ಟೆ ಒಗೆದು ಹರವಿ, ಅವು ಒಣಗುವುದನ್ನು ನೋಡುತ್ತ ಕೂರುತ್ತಿದ್ದೆ.

ಪದ್ಮಾವತಮ್ಮನವರ ತಮ್ಮ ವಾಸು ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದವರು. ಮದುವೆಯಾಗದೆ ಅಕ್ಕನ ಜೊತೆ ಕೆಳಗಿನ ಮನೆಯಲ್ಲಿದ್ದರು. ಹಿಂದಿನ ವರ್ಷ ಬಂದ ಜ್ವರದಲ್ಲಿ ಅವರಿಗೆ ವಾಸನೆ ತಿಳಿಯುವ ಶಕ್ತಿ ಹೋಗಿತ್ತು, ಮರಳಿ ಬರಲಿಲ್ಲ. ಅಕ್ಕ ನೆಂಟರ ಮನೆಗೆ ಹೋಗಿದ್ದ ಒಂದು ಮಧ್ಯಾಹ್ನ ಅವರು ಪಂಚೆಯಲ್ಲಿ ಏನನ್ನೋ ಸುತ್ತಿಕೊಂಡು ಮೇಲೆ ಬಂದರು.

"ಸುಮಿತ್ರಾ ಅವರೇ, ಒಂದು ಸಹಾಯ ಬೇಕಿತ್ತು. ತಪ್ಪು ತಿಳ್ಕೋಬೇಡಿ."

ಪಂಚೆಯೊಳಗೆ ಬಾಟಲಿಯಿತ್ತು. ಬಹಳ ವರ್ಷ ಮರದ ಪೀಪಾಯಿಯಲ್ಲಿ ಮಾಗಿದ ಜಮೈಕಾದ ರಮ್. ಹಡಗು ಕಿಂಗ್‌ಸ್ಟನ್ ಬಂದರಿನಲ್ಲಿ ನಿಂತಿದ್ದಾಗ ಅವರು ಇದನ್ನು ಮೊದಲು ಕುಡಿದದ್ದಂತೆ. ಅದರಲ್ಲಿದ್ದ ಒಂದು ವಾಸನೆ ತಮಗೆ ಚೆನ್ನಾಗಿ ಗೊತ್ತು ಅನ್ನಿಸಿತು, ಆದರೆ ಯಾವುದೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಮನೆಯಲ್ಲಿ ಕೂತು ಕಂಡುಹಿಡಿಯೋಣವೆಂದು ಒಂದು ಬಾಟಲಿ ತಂದರು.

"ಇವತ್ತು ನಾಳೆ ಅಂತ ಮುಂದಕ್ಕೆ ಹಾಕ್ತಾ ಬಂದೆ. ಈಗ ಮೂಗೇ ಇಲ್ಲ. ನೀವು ಕುಡಿದು ಹೇಳ್ತೀರಾ?"

"ನಾ ಎಂದೂ ಕುಡದಿಲ್ರೀ. ಅಕ್ಕಾರಿಗೆ ಗೊತ್ತಾದ್ರ ನನ್ನ ಮನಿ ಹೋಗ್ತೈತಿ."

"ನಿಜ. ಬೇಡ ಅಂದ್ರೆ ತಗೊಂಡು ಹೋಗ್ತೀನಿ."

ಅವರು ಎದ್ದರು. ಮತ್ತೆ ಒತ್ತಾಯಿಸಲಿಲ್ಲ. ಅದಕ್ಕೇ ಇರಬೇಕು, ನಾನು ಗಾಜಿನ ಲೋಟ ತಂದೆ.

ಹಳೆಯ ಜೇನಿನ ಬಣ್ಣ. ಲೋಟ ಓರೆ ಮಾಡಿದರೆ ಅಂಚಿನಿಂದ ಎಣ್ಣೆಯಂತೆ ನಿಧಾನವಾಗಿ ಇಳಿಯುತ್ತಿತ್ತು. ಮೊದಲು ಮೂಗಿಗೆ ಹೊಡೆದದ್ದು ವಾರ್ನಿಶ್. ಗಾಳಿಯಾಡಲು ಬಿಟ್ಟು, ಎರಡು ಹನಿ ನೀರು ಹಾಕಿದೆ. ಆಗ ಅನಾನಸು ಬಂತು, ಲವಂಗ ಬಂತು, ಸುಟ್ಟ ಮರ ಬಂತು. ಎಲ್ಲದರ ತಳದಲ್ಲಿ ನಮ್ಮ ಕಾಕಂಬಿ. ಸಮುದ್ರದಾಚೆಯ ದ್ವೀಪದಲ್ಲೂ ಕಬ್ಬು ಹೀಗೇ ಹುಳಿಯುತ್ತದೆ ಎನ್ನುವುದು ನನಗೆ ಹೊಳೆದಿರಲೇ ಇಲ್ಲ. ಒಂದು ಗುಟುಕು ಕುಡಿದೆ. ಸಿಹಿ ಇರುತ್ತದೆ ಎಂದುಕೊಂಡಿದ್ದೆ, ಇರಲಿಲ್ಲ. ಗಂಟಲು ಉರಿದು, ಆಮೇಲೆ ಸೀದ ಬೆಲ್ಲದ ಕಹಿ ನಾಲಿಗೆಯ ಮೇಲೆ ಬಹಳ ಹೊತ್ತು ನಿಂತಿತು.

ಒಂದೊಂದಾಗಿ ಹೇಳಿದೆ. ಅವರು ಎಲ್ಲಕ್ಕೂ ಅಲ್ಲವೆಂದು ತಲೆಯಾಡಿಸಿದರು. ಕಾಕಂಬಿ ಎಂದಾಗ, "ಅದು ನಿಮ್ಮೂರಿಂದು. ನಾನು ನೋಡೇ ಇಲ್ಲ" ಎಂದರು.

"ಕೆಟ್ಟ ಶೀಕರಣಿ ಇದ್ದಂಗ ಐತ್ರಿ."

"ಹಾಗಂದ್ರೆ?"

"ಬಾಳೆಹಣ್ಣು ಕಿವುಚಿ, ಹಾಲು ಬೆಲ್ಲ..."

"ರಸಾಯನ," ಎಂದಿತು ಬಾಗಿಲ ಬಳಿಯಿಂದ ಒಂದು ದನಿ. ಪದ್ಮಾವತಮ್ಮ ಬೇಗ ಬಂದುಬಿಟ್ಟಿದ್ದರು.

ಅವರು ಬಾಟಲಿ ನೋಡಿದರು, ನನ್ನನ್ನು ನೋಡಿದರು. ಮತ್ತೆ ಮನೆ ಹುಡುಕಬೇಕಾದ ಬೀದಿಗಳು ನನ್ನ ಕಣ್ಮುಂದೆ ಬಂದವು.

"ಅಕ್ಕಾ, ಕೇಳಿದ್ದು ನಾನು. ಇವರನ್ನ ಏನೂ ಅನ್ಬೇಡ," ಎಂದು ವಾಸು ಎಲ್ಲವನ್ನೂ ಹೇಳಿದರು.

ಪದ್ಮಾವತಮ್ಮ ಕುರ್ಚಿ ಎಳೆದುಕೊಂಡು ಕೂತು, ಸೆರಗಿನ ತುದಿಯಲ್ಲಿ ಲೋಟ ಹಿಡಿದು, ಕಣ್ಣು ಮುಚ್ಚಿ ಮೂಸಿದರು.

"ರಸಾಯನ ಅಲ್ಲ ಕಣೋ. ಅಮ್ಮ ನಡುಮನೆ ಮಂಚದ ಕೆಳಗೆ ಗೋಣಿ ಮುಚ್ಚಿ ಹಲಸಿನಹಣ್ಣು ಇಡ್ತಿದ್ಲಲ್ಲ? ಒಂದ್ಸಲ ಅದನ್ನ ಮರೆತು ಎಲ್ಲರೂ ಮದುವೆಗೆ ಹೋಗಿದ್ವಿ. ವಾಪಸ್ ಬಂದು..."

"ಬಾಗಿಲು ತೆಗೆದಾಗ," ಎಂದರು ವಾಸು.

"ಅದೇ."

ವಾಸು ಲೋಟ ಇಸಿದುಕೊಂಡು ಮೂಗಿನ ಹತ್ತಿರ ಹಿಡಿದರು. ಏನೂ ಸಿಗಲಿಲ್ಲವೆಂದು ಮುಖ ಹೇಳುತ್ತಿತ್ತು. "ನೀನು ಹೇಳಿದ್ಮೇಲೆ ಅದೇ ಇರ್ಬೇಕು," ಎಂದು ಒಂದು ಗುಟುಕು ಕುಡಿದರು. ಕಣ್ಣಲ್ಲಿ ನೀರು ಬಂತು. ರಮ್ ಅಷ್ಟು ಖಾರವಾಗಿತ್ತು.

ಪದ್ಮಾವತಮ್ಮ ಎದ್ದು ನಿಂತು ನನಗೆ ಹೇಳಿದರು: "ಲೋಟ ನೀವೇ ತೊಳ್ಕೊಳ್ಳಿ. ಬಾಟಲು ಮಾತ್ರ ಕೆಳಗೆ ಬರಬಾರದು."

ಹೀಗೆ ಅದು ನನ್ನ ಅಲಮಾರು ಸೇರಿತು. ಈಗ ಕೆಲವು ಭಾನುವಾರ ಅಕ್ಕ ತಮ್ಮ ಇಬ್ಬರೂ ಮೇಲೆ ಬರುತ್ತಾರೆ. ವಾಸು ಕುಡಿಯುತ್ತಾರೆ, ನಾನು ತುಟಿ ಒದ್ದೆ ಮಾಡಿಕೊಂಡು ವಾಸನೆಗಳನ್ನು ಹೆಸರಿಸುತ್ತೇನೆ, ಪದ್ಮಾವತಮ್ಮ ಬರೀ ಮೂಸಿ ನನ್ನನ್ನು ತಿದ್ದುತ್ತಾರೆ. ಮೊನ್ನೆ ಬಂದ ನೆಂಟರು ನಾನು ಯಾರೆಂದು ಕೇಳಿದಾಗ ಪದ್ಮಾವತಮ್ಮ, "ನಮ್ಮನೆಯವರೇ, ಮೇಲಿರ್ತಾರೆ," ಎಂದರು. ನಾನು ಕಾಫಿ ಲೋಟ ಎತ್ತಿಕೊಂಡೆ.

ಬೇಸಿಗೆಯಲ್ಲಿ ಮುಧೋಳಕ್ಕೆ ಬಂದಿದ್ದೆ. ಅಣ್ಣನ ಮನೆಯ ಓಣಿಯಲ್ಲಿ ಆಟೋ ಇಳಿದು ಚೀಲ ಎತ್ತಿಕೊಳ್ಳುವಾಗ ಪಕ್ಕದ ಮನೆಯಾಕೆ ಒಳಗಿದ್ದ ನನ್ನ ಅತ್ತಿಗೆಗೆ ಕೂಗಿ ಹೇಳಿದಳು: "ವೈನೀ, ಬೆಂಗಳೂರಿನವ್ರು ಬಂದಾರ ನೋಡ್ರಿ!"

ಯಾರು ಬಂದರೆಂದು ನಾನೂ ಹಿಂತಿರುಗಿ ನೋಡಿದೆ.